ಮಾತು ಉದುರಿದ ಕಂಡಕ್ಟರ್ ಕರಡಿ

ಮೊನ್ನೆ ನಿವೇದಿತಾ ಫೋನ್ ಮಾಡಿದ್ದಳು. ನಾನು ರಿಟೈರ್ ಆದ ಮೇಲೆ ಹೊಸಪೇಟೆಯ ಚಿತ್ರ ಸಂಗ್ರಹಾಲಯದಲ್ಲಿ ನನ್ನ ಕುರ್ಚಿಗೆ ಬಂದ ಹುಡುಗಿ. ಬಹಳ ಸಿನ್ಸಿಯರ್. ಕಾಮಿಕ್ಸ್ ಕಲಾವಿದರು ಕೈಯಿಂದ ಬರೆದ ಮೂಲ ಹಾಳೆಗಳನ್ನು ಊರೂರು ತಿರುಗಿ ಹುಡುಕುವುದು, ತಂದು ಹಾಳಾಗದಂತೆ ಕಾಯುವುದು, ಸ್ಕ್ಯಾನ್ ಮಾಡಿಡುವುದು ಅವಳ ಕೆಲಸ. ಮೊನ್ನೆ ಮೊನ್ನೆಯ ತನಕ ನನ್ನದೂ ಅದೇ.

“ಮ್ಯಾಮ್, ‘ಕಂಡಕ್ಟರ್ ಕರಡಿ’ ಸೀರೀಸಿನ ಕೊನೇ ಫೋಲ್ಡರ್ ಖಾಲಿ ಇದೆ. ಕಂಪ್ಯೂಟರಿನಲ್ಲಿ ಎಂಟ್ರಿ ಇದೆ, ಸ್ಕ್ಯಾನ್ ಇಲ್ಲ. ಪ್ರತಿ ಸಲ ಎರರ್ ಬರ್ತಿದೆ. ಡಿಲೀಟ್ ಮಾಡಿಬಿಡ್ಲಾ?”

“ಬೇಡಮ್ಮ.”

“ಹಾಳೆ ಕಳೆದುಹೋಗಿದೆಯಾ ಮ್ಯಾಮ್?”

“ಕಳೆದಿಲ್ಲ. ಬರೆದು ಕಳಿಸ್ತೀನಿ ಇರು,” ಎಂದೆ. ಫೋನಿನಲ್ಲಿ ಹೇಳಿ ಮುಗಿಸುವ ವಿಷಯ ಅದಲ್ಲ. ಬರೆಯಲು ಕೂತರೆ ಒಂದು ಫೋಲ್ಡರಿನ ಹಿಂದೆ ನನ್ನ ನೌಕರಿಯೆಲ್ಲ ಎದ್ದು ಬಂತು. ಈ ಕೆಲಸಕ್ಕೆ ಹೊಸದಾಗಿ ಬರುವ ನಿಮ್ಮಂಥವರೆಲ್ಲ ಓದಿಕೊಳ್ಳಲಿ ಎಂದು ಎಲ್ಲವನ್ನೂ ಇಲ್ಲೇ ಹಾಕುತ್ತಿದ್ದೇನೆ.

ನನ್ನ ಊರು ಕೊಟ್ಟೂರು. ಓದಿದ್ದು ಬಳ್ಳಾರಿಯ ಒಂದು ಕಾನ್ವೆಂಟಿನಲ್ಲಿ, ಹಾಸ್ಟೆಲಿನಲ್ಲಿದ್ದುಕೊಂಡು. ಅಲ್ಲಿ ಡ್ರಾಯಿಂಗ್ ಹೇಳಿಕೊಡುತ್ತಿದ್ದ ಸಿಸ್ಟರ್, ಯಾರಾದರೂ ಹಾಳೆಯನ್ನು ಒಂದೇ ಕೈಯಲ್ಲಿ ಎತ್ತಿದರೆ ಸ್ಕೇಲಿನಿಂದ ಗೆಣ್ಣಿಗೆ ಮೆಲ್ಲಗೆ ತಟ್ಟುತ್ತಿದ್ದರು. “ಬೋತ್ ಹ್ಯಾಂಡ್ಸ್, ಚೈಲ್ಡ್. ಇಟ್ ಈಸ್ ಸ್ಲೀಪಿಂಗ್.” ಹಾಳೆ ಮಲಗಿದೆ, ಎಬ್ಬಿಸಬೇಡ ಅಂತ. ಆಮೇಲೆ ಎಷ್ಟು ವರ್ಕ್‌ಶಾಪಿಗೆ ಹೋದರೂ ಇದಕ್ಕಿಂತ ದೊಡ್ಡ ಪಾಠ ಯಾರೂ ಹೇಳಲಿಲ್ಲ.

ಮೊದಲ ನೌಕರಿ ಹುಬ್ಬಳ್ಳಿಯ ಒಂದು ಮಕ್ಕಳ ವಾರಪತ್ರಿಕೆಯಲ್ಲಿ, ಆರ್ಟ್ ರೂಮಿನಲ್ಲಿ. ಹಡಗಲಿ, ಹರಪನಹಳ್ಳಿ, ಎಲ್ಲೆಲ್ಲಿಂದಲೋ ಕಲಾವಿದರು ಹಾಳೆ ಸುತ್ತಿ ಬಸ್ ಪಾರ್ಸೆಲ್ಲಿಗೆ ಹಾಕುತ್ತಿದ್ದರು. ಚಿತ್ರದಲ್ಲಿ ಮಾತಿನ ಬಲೂನುಗಳು ಖಾಲಿ ಇರುತ್ತಿದ್ದವು. ಸಂಭಾಷಣೆಯನ್ನು ಕಲಾವಿದರು ಬೇರೆ ಚೀಟಿಯಲ್ಲಿ ಬರೆದು ಕಳಿಸಬೇಕು. ನಮ್ಮಲ್ಲಿ ಅದನ್ನು ಅಕ್ಷರ ಜೋಡಿಸಿ, ಬಿಳಿ ಕಾಗದದ ಮೇಲೆ ತೆಗೆದು, ಕತ್ತರಿಸಿ, ಒಂದೊಂದೇ ಬಲೂನಿನೊಳಗೆ ಅಂಟಿಸುವುದು. ಆಮೇಲೆ ಕ್ಯಾಮೆರಾ ರೂಮಿನ ಇಮಾಮ್ ಸಾಹೇಬರು ಆ ಪುಟದ ಫೋಟೋ ತೆಗೆದು ಅಚ್ಚಿನ ಪ್ಲೇಟಿಗೆ ಕೊಡುತ್ತಿದ್ದರು. ಆ ರಬ್ಬರ್ ಅಂಟಿನ ವಾಸನೆ, ಇಂಡಿಯನ್ ಇಂಕಿನ ವಾಸನೆ, ಸಾಹೇಬರ ರೂಮಿನ ಕೆಮಿಕಲ್ ವಾಸನೆ. ಈಗಲೂ ಸೈಕಲ್ ಪಂಚರ್ ಅಂಗಡಿಯ ಮುಂದೆ ಹಾದುಹೋಗುವಾಗ ನನ್ನ ನಡಿಗೆ ತಾನಾಗಿ ನಿಧಾನವಾಗುತ್ತದೆ.

ಪ್ರಿಂಟ್ ಆದ ಮೇಲೆ ಆ ಹಾಳೆಗಳನ್ನು ಕೇಳುವವರಿಲ್ಲ. ಅವುಗಳ ಮೇಲೆ ಚಹಾ ಗ್ಲಾಸು ಇಡುತ್ತಿದ್ದರು, ಮಂಡಕ್ಕಿ ಸುರಿದುಕೊಂಡು ತಿನ್ನುತ್ತಿದ್ದರು. ನಾನು ಆರಿಸಿ ಒಂದು ಬೀರುವಿನಲ್ಲಿ ಇಡತೊಡಗಿದೆ. ಎಡಿಟರ್ ಸಾಹೇಬರು ನೋಡಿ ನಕ್ಕರು. “ಮುದ್ರಣ ಆದ ಮೇಲೆ ಅದು ರದ್ದಿ ಕಣಮ್ಮ. ಪೀಪಿ ಊದಿ ಮುಗಿದ ಮೇಲೆ ಗಾಳಿಯನ್ನ ಯಾರಾದರೂ ಹಿಡಿದಿಡ್ತಾರಾ?” ಒಳ್ಳೆಯ ಮನುಷ್ಯ, ಮಕ್ಕಳಿಗೆ ಏನು ಬೇಕು ಅಂತ ಅವರಷ್ಟು ಬಲ್ಲವರು ಇರಲಿಲ್ಲ. ಆದರೆ ಕಾಗದದ ಮೇಲೆ ಮೋಹ ಇರಲಿಲ್ಲ. ಪ್ರಿಂಟ್ ಆದ ಪುಟವನ್ನು ತಪ್ಪದೇ ವಾಪಸ್ ತರಿಸಿಕೊಳ್ಳುತ್ತಿದ್ದ ಕಲಾವಿದರು ಒಬ್ಬರೇ. ಇಟ್ಟಿಗಿಯ ಮಲ್ಲೇಶಪ್ಪ.

ಮಲ್ಲೇಶಪ್ಪನವರು ಹೊಟ್ಟೆಪಾಡಿಗೆ ಅಂಗಡಿ ಬೋರ್ಡ್ ಬರೆಯುತ್ತಿದ್ದರು. ಕೂಡ್ಲಿಗಿ ಕಡೆ ಬೋರ್ಡ್ ಬರೆಯಲು ಹೋದಾಗ ಗುಡ್ಡದಿಂದ ಇಳಿದುಬಂದ ಒಂದು ಕರಡಿ ಬಸ್ ಸ್ಟಾಪಿನ ಹತ್ತಿರ ನಿಂತಿದ್ದನ್ನು ನೋಡಿದರಂತೆ. ಅಲ್ಲಿಂದ ಹುಟ್ಟಿದ್ದು ‘ಕಂಡಕ್ಟರ್ ಕರಡಿ’. ಖಾಕಿ ಹಾಕಿಕೊಂಡು, ಕೊರಳಿಗೆ ಚೀಲ ತಗುಲಿಸಿಕೊಂಡು, ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ, ಹಡಗಲಿ ರೂಟಿನಲ್ಲಿ ಬಸ್ಸು ನಡೆಸುವ ಕರಡಿ. ಪ್ರಯಾಣಿಕರು ಆಡು, ಕಾಗೆ, ಮುಂಗುಸಿ. ಪತ್ರಿಕೆ ಬಂದರೆ ಮಕ್ಕಳು ಮೊದಲು ತೆಗೆಯುತ್ತಿದ್ದದ್ದು ಅದೇ ಪುಟ. ಅವರ ಅಪ್ಪಂದಿರೂ ಅದನ್ನೇ ತೆಗೆಯುತ್ತಿದ್ದರು ಎನ್ನುವುದು ಪೋಸ್ಟಿನಲ್ಲಿ ಬರುವ ಕಾಗದಗಳಿಂದ ಗೊತ್ತಾಗುತ್ತಿತ್ತು.

ಕಂಪ್ಯೂಟರ್ ಬಂತು. ಕ್ಯಾಮೆರಾ ರೂಮ್ ಸ್ಟೋರ್ ರೂಮ್ ಆಯಿತು. ಸ್ವಲ್ಪ ಕಾಲದಲ್ಲಿ ಪತ್ರಿಕೆಯೇ ನಿಂತಿತು. ಇಮಾಮ್ ಸಾಹೇಬರು ಹೋಗುವ ದಿನ ಕ್ಯಾಮೆರಾದ ಕರಿಬಟ್ಟೆಯನ್ನು ಮಡಚಿ ತಮ್ಮ ಟಿಫಿನ್ ಚೀಲದಲ್ಲಿ ಇಟ್ಟುಕೊಂಡರು.

ಎಷ್ಟೋ ವರ್ಷ ಆಚೀಚೆ ಟೀಚರ್ ಕೆಲಸ ಮಾಡಿಕೊಂಡಿದ್ದ ನನ್ನನ್ನು ಹೊಸಪೇಟೆಯ ಸಂಗ್ರಹಾಲಯದವರು ಕರೆದಿದ್ದು, ಈ ಭಾಗದ ಕಲಾವಿದರೆಲ್ಲರ ಮನೆ ಗೊತ್ತಿರುವವಳು ಅಂತ. ಅಲ್ಲಿಯ ಡೈರೆಕ್ಟರ್ ಮೇಡಂ ನನಗಿಂತ ಬಹಳ ಚಿಕ್ಕವರು, ಶಾರ್ಪ್. ಅವರ ಮಾತು ಒಂದೇ: “ಆಂಟಿ, ಕಾಗದ ಬರೀ ಚೀಲ. ಒಳಗಿರೋ ಇಮೇಜ್ ನಮಗೆ ಸಿಕ್ಕರೆ ಸಾಕು. ಸ್ಕ್ಯಾನ್ ಮಾಡಿ ವಾಪಸ್ ಕೊಟ್ಟುಬಿಡಿ.” ನಾನು ಹೂಂ ಅನ್ನುತ್ತಿದ್ದೆ. ಆದರೆ ಹಾಳೆಯನ್ನೂ ಕೇಳಿಕೊಂಡು ತರುತ್ತಿದ್ದೆ.

ಯಾಕೆ ಹಾಳೆಯೇ ಬೇಕು ಎನ್ನುವುದಕ್ಕೆ ಹಡಗಲಿಯ ಒಂದು ಮನೆ ಸಾಕು. ತೀರಿಕೊಂಡ ಡ್ರಾಯಿಂಗ್ ಮೇಷ್ಟ್ರೊಬ್ಬರ ಚಿತ್ರಗಳಿವೆ ಎಂದು ಹೋದೆ. ಅಳಿಯ ಹೆಮ್ಮೆಯಿಂದ ತಂದಿಟ್ಟ. ಎಲ್ಲವನ್ನೂ ಬಸ್‌ಸ್ಟ್ಯಾಂಡ್ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸಿದ್ದ.

“ನೀರು ಬಿದ್ರೂ ಏನೂ ಆಗಂಗಿಲ್ರಿ ಈಗ,” ಎಂದ. “ನಮ್ಮ ಮಾವಾರ ಆಸ್ತಿ ಅಲ್ಲೇನ್ರಿ.”

ಬಿಸಿ ಪ್ಲಾಸ್ಟಿಕ್ಕಿನಲ್ಲಿ ಬಣ್ಣ ಕದಡಿತ್ತು. ಅದನ್ನು ಬಿಡಿಸಲು ಯಾವ ಲ್ಯಾಬಿನಿಂದಲೂ ಆಗುವುದಿಲ್ಲ. ರೇಷನ್ ಕಾರ್ಡು, ಮಾರ್ಕ್ಸ್ ಕಾರ್ಡುಗಳನ್ನು ನಾವು ಹೀಗೇ ಉಳಿಸಿಕೊಂಡವರು. ಅದೇ ಪ್ರೀತಿಯಿಂದ ಆತ ಮಾಡಿದ್ದ. “ಚಲೋ ಇಟ್ಟೀರಪ್ಪಾ,” ಎಂದು ಚಹಾ ಕುಡಿದು ಬಂದೆ. ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಕೂತೆ. ಅವತ್ತೇ ನಿಶ್ಚಯ ಮಾಡಿದೆ, ಇನ್ನು ತಡ ಮಾಡದೆ ಇಟ್ಟಿಗಿಗೆ ಹೋಗಬೇಕು.

ಇಟ್ಟಿಗಿಯಲ್ಲಿ ಮಲ್ಲೇಶಪ್ಪನವರು ಇರಲಿಲ್ಲ, ತೀರಿಕೊಂಡು ಬಹಳ ಕಾಲವಾಗಿತ್ತು. ಅವರ ಹೆಂಡತಿ ಹಾಲಮ್ಮ ಪಡಸಾಲೆಯಲ್ಲಿ ಮಲ್ಲಿಗೆ ಕಟ್ಟುತ್ತ ಕೂತಿದ್ದರು. ನಾನು ಹುಬ್ಬಳ್ಳಿಯ ಪತ್ರಿಕೆಯಲ್ಲಿದ್ದವಳು ಎಂದ ಕೂಡಲೇ ನಕ್ಕರು.

“ಹಾಳಿ ವಾಪಸ್ ಕಳಿಸ್ತಿದ್ದ ಅಕ್ಕಾರು ನೀವೇನ್ರಿ? ಬರ್ರಿ, ಕುಂದರ್ರಿ. ನಿಮ್ಮ ಅಕ್ಷರ ನೋಡಿ, ಬಾಳ ತೆಳ್ಳಗ ಇರಬೇಕು ನೀವು ಅಂತ ನಮ್ಮನಿಯವ್ರು ಅಂತಿದ್ರು.”

“ಅವಾಗ ಇದ್ದೆನ್ರಿ,” ಎಂದೆ.

ಒಳಗಿಂದ ಟ್ರಂಕು ಬಂತು. ಹಳೇ ಸೀರೆಗಳ ನಡುವೆ ಕರಡಿಯ ಪುಟಗಳು. ನಾನು ಆಗಿನ ಪದ್ಧತಿಯಂತೆ ಬಿಳಿ ಗ್ಲೌಸ್ ಹಾಕಿಕೊಂಡೆ.

“ಕೈಗೇನಾಗೇತ್ರಿ ಅಕ್ಕಾರ? ಗಜಕರ್ಣನಾ?”

ನಗು ತಡೆಯಲಾಗದೆ ಗ್ಲೌಸ್ ತೆಗೆದುಬಿಟ್ಟೆ. ಮುಂದೆ ನಮ್ಮ ಕ್ಷೇತ್ರದಲ್ಲೇ ಪದ್ಧತಿ ಬದಲಾಗಿ, ಕಾಗದಕ್ಕೆ ಗ್ಲೌಸ್ ಬೇಡ, ತೊಳೆದು ಒರೆಸಿದ ಕೈಯೇ ಮೇಲು, ಬೆರಳಿಗೆ ಹಾಳೆಯ ಅಂಚು ತಿಳಿಯಬೇಕು ಎಂದಾಯಿತು. ಅದನ್ನು ಕೇಳಿದಾಗೆಲ್ಲ ನನಗೆ ಹಾಲಮ್ಮನ ಗಜಕರ್ಣ ನೆನಪಾಗುತ್ತದೆ.

ಮೊದಲ ಹಾಳೆ ಎರಡೂ ಕೈಯಲ್ಲಿ ಎತ್ತಿದೆ. ಬಲೂನಿನೊಳಗೆ ಅಂಟಿಸಿದ್ದ ಅಚ್ಚಿನ ಚೀಟಿಯೊಂದು ಸರ್ರನೆ ಜಾರಿ ಮಡಿಲಿಗೆ ಬಿತ್ತು. ಎರಡನೇ ಹಾಳೆಯಲ್ಲಿ ಬೀಳಲು ಚೀಟಿಯೇ ಇರಲಿಲ್ಲ. ನಮ್ಮ ಕಡೆಯ ಬಿಸಿಲಿಗೆ ಆ ಅಂಟು ಒಣಗಿ, ಕಂದು ಪುಡಿಯಾಗಿ, ಮಾತುಗಳೆಲ್ಲ ಕಳಚಿಕೊಂಡಿದ್ದವು. ಕರಡಿ ಬಾಯಿ ತೆರೆದಿದೆ, ಎದುರು ಖಾಲಿ ಬಲೂನು. ಪುಟದ ಮೇಲೆ ಪುಟ, ಎಲ್ಲರೂ ಬಾಯಿ ತೆರೆದು ಸುಮ್ಮನೆ ನಿಂತಿದ್ದಾರೆ.

ಒಳಗೆ ಟ್ರಂಕು ಇರುತ್ತಿದ್ದ ಕಡೆ ಗೋಡೆಯಲ್ಲಿ ಗೆದ್ದಲಿನ ಸಾಲು ಎದ್ದಿತ್ತು. ಒಂದು ಪುಟದ ಮೂಲೆ ಆಗಲೇ ಹೋಗಿತ್ತು. ಇವನ್ನು ನಮಗೆ ಕೊಡಿ, ಗೆದ್ದಲು ಬಾರದ ಕಡೆ ಇಡುತ್ತೇವೆ ಎಂದು ಕೇಳಿದೆ.

ಹಾಲಮ್ಮ ಹೂ ಕಟ್ಟುವುದನ್ನು ನಿಲ್ಲಿಸಿದರು. “ಕರಡೀನ್ನ ಮೂಗನ ಮಾಡಿ ಕಳಿಸಾಕ ಮನಸ್ಸು ಬರಂಗಿಲ್ರಿ. ಅಂವ ಬಾಯಿ ಬಿಟ್ರ ಬಸ್ಸಿನ ಮಂದಿ ಎಲ್ಲಾ ನಗತಿದ್ರು. ಈಗ ನೋಡ್ರಿ ಹೆಂಗ ನಿಂತಾನ. ಮೊದ್ಲ ಅವನಿಗೆ ಮಾತು ಕೊಡ್ರಿ. ಆಮ್ಯಾಲ ಒಯ್ರಿ.”

“ಮಾತಿನ ಚೀಟಿ ಅದಾವೇನ್ರಿ?”

ಬಿಸ್ಕೀಟಿನ ಡಬ್ಬಿ ತಂದು ನನ್ನ ಮುಂದೆ ಸುರಿದರು. ಉದುರಿದ ಒಂದು ಚೀಟಿಯನ್ನೂ ಆಕೆ ಕಸದೊಳಗೆ ಹೋಗಲು ಬಿಟ್ಟಿರಲಿಲ್ಲ. ಕರಡಿಯ ಮಾತು, ಕಾಗೆಯ ಮಾತು, ಆಡಿನ ಮಾತು ಎಲ್ಲ ಒಂದೇ ರಾಶಿ.

ಡೈರೆಕ್ಟರ್ ಮೇಡಂಗೆ ಫೋನ್ ಮಾಡಿದರೆ ಅವರ ಪರಿಹಾರ ರೆಡಿ ಇತ್ತು. “ಖಾಲಿ ಪುಟ ಸ್ಕ್ಯಾನ್ ಮಾಡಿ, ಮಾತನ್ನ ನಾವು ಕಂಪ್ಯೂಟರಿನಲ್ಲಿ ಟೈಪ್ ಮಾಡೋಣ.” ಹಾಲಮ್ಮನಿಗೆ ಹೇಳಿದೆ. “ಅದು ನಿಮ್ಮ ಪರದಿ ಮ್ಯಾಲಿನ ಕರಡಿ ಆತು. ಇಲ್ಲಿರಾಂವ ಮೂಗನ ಉಳೀತಾನಲ್ರಿ,” ಎಂದರು. ನಿಜ ಹೇಳಬೇಕೆಂದರೆ ನಾನು ಬಾಯಲ್ಲಿ ಹೇಳಲಾರದೆ ಇದ್ದದ್ದನ್ನೇ ಆಕೆ ಹೇಳಿದ್ದರು.

ಹಾಗೆ ಶುರುವಾಯಿತು. ರಜೆ ಸಿಕ್ಕಾಗೆಲ್ಲ ಇಟ್ಟಿಗಿ. ಮೊದಲು ಟ್ರಂಕನ್ನು ಗೋಡೆಯಿಂದ ದೂರ ಸರಿಸಿ, ಇಟ್ಟಿಗೆ ಕೊಟ್ಟು ಎತ್ತರ ಮಾಡಿದೆವು. ಆಮೇಲೆ ಅಂಟು. ಗೋಧಿಯ ಪಿಷ್ಟವನ್ನು ನೀರಿನಲ್ಲಿ ಕಾಯಿಸಿ, ಸೋಸಿ ಮಾಡುವ ಅಂಟು ಈ ಕೆಲಸಕ್ಕೆ ಒಳ್ಳೆಯದು. ನಾಳೆ ತಪ್ಪೆನಿಸಿದರೆ ಸ್ವಲ್ಪ ತೇವ ಮಾಡಿ ಬಿಡಿಸಬಹುದು. ಹಾಲಮ್ಮನ ಒಲೆಯ ಮೇಲೆ ಕೈಯಾಡಿಸುತ್ತ ನಿಂತರೆ, “ಅಂಬಲಿ ಕಾಸಾಕ ಹೊಸಪ್ಯಾಟಿಯಿಂದ ಬರಬೇಕೇನ್ರಿ?” ಎನ್ನುತ್ತಿದ್ದರು.

ಯಾವ ಚೀಟಿ ಯಾವ ಬಾಯಿಗೆ ಎಂದು ತಿಳಿಯಲು ನನ್ನ ದಾರಿ ಬೇರೆ, ಆಕೆಯ ದಾರಿ ಬೇರೆ. ನಾನು ಕಲೆ ನೋಡುತ್ತಿದ್ದೆ. ಅಂಟು ಹಚ್ಚಿದ ಕಡೆ ಹಾಳೆ ಕಂದಾಗಿರುತ್ತದೆ, ಚೀಟಿಯ ಬೆನ್ನ ಮೇಲೂ ಅದೇ ಆಕಾರದ ಕಂದು ಇರುತ್ತದೆ. ಮುರಿದ ರೊಟ್ಟಿಯ ಎರಡು ಚೂರು ಕೂಡಿಸಿದ ಹಾಗೆ ಎರಡನ್ನೂ ಕೂಡಿಸಬೇಕು. ಹಾಲಮ್ಮ ಕಥೆ ನೋಡುತ್ತಿದ್ದರು. ಪಾರ್ಸೆಲ್ ಕಟ್ಟುವ ಮುಂಚೆ ಮಲ್ಲೇಶಪ್ಪನವರು ಪ್ರತಿ ಮಾತನ್ನೂ ಹೆಂಡತಿಗೆ ಗಟ್ಟಿಯಾಗಿ ಹೇಳಿ ತೋರಿಸುತ್ತಿದ್ದರಂತೆ.

“ನಾ ನಕ್ಕರ ಚೀಟಿಗೆ ಬರೀತಿದ್ರು. ನಗಲಿಲ್ಲ ಅಂದ್ರ ಮತ್ತೊಂದು ಹೇಳವ್ರು. ರೊಟ್ಟಿ ಸುಡೂಮುಂದ ಬಂದು ನಿಂತು, ‘ಇದಕ್ಕ ನಗತೀಯೇನು ನೋಡು’ ಅನ್ನವ್ರು. ರೊಟ್ಟಿ ಹೊತ್ತಿ ಹೋಗಾವು.”

ನಾನು ಚೀಟಿ ಓದುತ್ತಿದ್ದೆ: “ದಯವಿಟ್ಟು ಎಲ್ಲರೂ ಮುಂದೆ ಸಾಗಿರಿ.”

“ಯಾವ ಕಂಡಕ್ಟರ್ ದಯವಿಟ್ಟು ಅಂತಾನ್ರಿ? ‘ಮುಂದಕ್ಕ ನಡೀರ್ಲೇ, ಅಲ್ಲೇನು ಬಾಣಂತಿ ಮಲಗ್ಯಾಳೇನು’ ಅಂದಿದ್ದ ಅಂವ. ನಿಮ್ಮ ಹುಬ್ಬಳ್ಳಿಯವ್ರು ಕರಡಿಗೆ ಕೋಟು ತೊಡಿಸ್ಯಾರ.”

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದೆವು. ಅಂಟು ಗಟ್ಟಿಯಾಗಿ, ಮತ್ತೆ ಕಾಯಿಸುತ್ತಿದ್ದೆ.

ಒಂದು ಪುಟದಲ್ಲಿ ಜಗಳವಾಯಿತು. ಚಿಗಟೇರಿ ಹತ್ತಿರ ಬಸ್ಸು ಕೆಟ್ಟು ನಿಂತಿದೆ, ಕರಡಿ ಟಿಕೆಟ್ ಕೇಳುತ್ತಿದೆ. ಒಂದು ಚೀಟಿಯಲ್ಲಿ, “ಟಿಕೆಟ್ ಹಸಿರಾಗಿತ್ತು, ಅದಕ್ಕೇ ತಿಂದೆ.” ಇನ್ನೊಂದರಲ್ಲಿ, “ನನಗೇಕೆ ಟಿಕೆಟ್? ನಾನು ಬಸ್ಸಿನ ಮೇಲೆ ಹಾರಿಕೊಂಡು ಬಂದೆ.” ಕಲೆ ನೋಡಿದರೆ ತಿಂದ ಮಾತು ಕಾಗೆಯದು, ಹಾರಿದ ಮಾತು ಆಡಿನದು.

“ಕಾಗಿ ಹುಲ್ಲು ತಿಂತೈತೇನ್ರಿ?” ಹಾಲಮ್ಮ ಕೇಳಿದರು. “ಇದ ಪುಟ ನೋಡ್ರಿ. ಪತ್ರಿಕಿ ಬಂದ ದಿನ ಇವ್ರು ಊಟಾ ಬಿಟ್ಟು ಕುಂತಿದ್ರು. ಅಂಟಸಾಂವ ಅದಲು ಬದಲು ಮಾಡಿದ್ದ.”

“ಹಂಗಿದ್ರೂ ಕಲೆ ಇದ್ದಲ್ಲೇ ಅಂಟಿಸಬೇಕ್ರಿ. ಹೆಂಗ ಅಚ್ಚಾತೋ ಹಂಗ ಇಡೋದು ನಮ್ಮ ರೂಲ್.”

“ತಪ್ಪಾಗಿ ಅಂಟಿಸಿದ್ದನ್ನ ಮತ್ತ ತಪ್ಪಾಗೇ ಅಂಟಸ್ತೀರಿ. ಅದಕ್ಕ ಇಷ್ಟು ದೂರ ಬಂದೀರಿ.”

ಅವತ್ತು ನನಗೆ ಚಹಾ ಸಿಗಲಿಲ್ಲ. ಕೊನೆಗೆ ದಾರಿ ತೋರಿಸಿದ್ದು ಡೈರೆಕ್ಟರ್ ಮೇಡಂ. “ಹಾಳೆ ಮೇಲೆ ಅಚ್ಚಾದ ಹಾಗೇ ಇರಲಿ ಆಂಟಿ. ಸ್ಕ್ಯಾನಿನಲ್ಲಿ ಎರಡು ಇಡೋಣ. ಒಂದು ಪ್ರೆಸ್ಸಿನದು, ಒಂದು ಮಲ್ಲೇಶಪ್ಪನವರದು.” ಅದನ್ನು ಟ್ಯಾಬಿನಲ್ಲಿ ಸರಿಪಡಿಸಿ ಕಳಿಸಿದ್ದೂ ಅವರೇ. ಆಡು ತನ್ನ ಮಾತನ್ನು ತಾನೇ ಆಡುವುದನ್ನು ನೋಡಿ ಹಾಲಮ್ಮ, “ಆ ಹುಡ್ಗಿ ಶಾಣ್ಯಾಕಿ,” ಎಂದರು. ನಾನು ಸ್ಕ್ಯಾನರನ್ನು ಬೈಯುವುದನ್ನು ಅಲ್ಲಿಂದ ಕಡಿಮೆ ಮಾಡಿದೆ.

ಒಂದೊಂದೇ ಪುಟಕ್ಕೆ ಮಾತು ಬಂತು. ಮಾತು ಬಂದ ಪುಟಗಳನ್ನು ಹಾಲಮ್ಮ ಕಣ್ಣಿನ ಹತ್ತಿರ ಹಿಡಿದು, ತುಟಿ ಅಲ್ಲಾಡಿಸಿ ಓದಿ, ನಾನು ತಂದಿದ್ದ ಬಾಕ್ಸಿನಲ್ಲಿ ತಾವೇ ಮಲಗಿಸುತ್ತಿದ್ದರು. ಪ್ರತಿ ಹಾಳೆಯ ಮೂಲೆಯಲ್ಲೂ ಒಂದು ವಿಭೂತಿ ಬೆರಳಿನ ಗುರುತಿತ್ತು. ಕೆಲಸ ಶುರು ಮಾಡುವಾಗ ಮಲ್ಲೇಶಪ್ಪನವರು ಹಣೆಗೆ ಹಚ್ಚಿದ ಬೆರಳನ್ನು ಹಾಳೆಗೂ ಮುಟ್ಟಿಸುತ್ತಿದ್ದರಂತೆ. ಅದನ್ನು ಕ್ಲೀನ್ ಮಾಡಬೇಡಿ ಎಂದು ಪ್ರತಿ ಫೋಲ್ಡರಿನ ಮೇಲೂ ಪೆನ್ಸಿಲಿನಲ್ಲಿ ಬರೆದಿದ್ದೇನೆ, ನೀನು ನೋಡಿರುತ್ತೀ ನಿವೇದಿತಾ.

ಉಳಿದದ್ದು ಕೊನೆಯ ಪುಟ. ಅದರಲ್ಲಿ ಒಂದೇ ದೊಡ್ಡ ಚಿತ್ರ. ಬಸ್ಸು ಖಾಲಿ, ಪ್ರಯಾಣಿಕರೆಲ್ಲ ಇಳಿದಿದ್ದಾರೆ. ಕರಡಿ ಬಾಗಿಲಲ್ಲಿ ನಿಂತು, ಗಂಟೆಯ ಹಗ್ಗ ಹಿಡಿದು, ಹೊರಗೆ ಯಾರಿಗೋ ಏನೋ ಹೇಳುತ್ತಿದೆ. ಯಾರಿಗೆ ಅಂತ ಕಾಣುವುದಿಲ್ಲ. ಮಲ್ಲೇಶಪ್ಪನವರ ಕೈ ಇಷ್ಟು ಚೆನ್ನಾಗಿ ಓಡಿದ ಪುಟ ಇನ್ನೊಂದಿಲ್ಲ. ನನಗೆ ಎಲ್ಲಕ್ಕಿಂತ ಹೆಚ್ಚಾಗಿ ಬೇಕಾಗಿದ್ದ ಪುಟ ಅದು. ಡಬ್ಬಿಯಲ್ಲಿ ಚೀಟಿ ಮುಗಿದಿದ್ದವು. ಟ್ರಂಕು ಕೊಡವಿದೆವು, ಸೀರೆಗಳ ಮಡಿಕೆ ಬಿಚ್ಚಿದೆವು. ಸಿಗಲಿಲ್ಲ.

ಆಮೇಲೆ ನಾನು ಹಾಳೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದೆ. ಬಲೂನಿನೊಳಗೆ ಕಂದು ಕಲೆಯೇ ಇಲ್ಲ. ಬೇರೆ ಕಡೆ ಹೇಗೋ ಅಲ್ಲೂ ಹಾಗೇ ಬೆಳ್ಳಗೆ. ಮೂಲೆಯಲ್ಲಿ ವಿಭೂತಿ ಇದೆ.

“ಹಾಲಮ್ಮಾರ, ಇದರ ಮಾತು ಉದುರಿಲ್ರಿ. ಇಲ್ಲಿ ಅಂಟು ಹಚ್ಚೇ ಇಲ್ಲ. ಈ ಪುಟ ಹುಬ್ಬಳ್ಳಿಗೆ ಬಂದೇ ಇಲ್ಲ.”

ಆಕೆ ಖಾಲಿ ಬಲೂನಿನ ಮೇಲೆ ಬೆರಳಾಡಿಸಿದರು. “ಪತ್ರಿಕಿ ನಿಂತ ಸುದ್ದಿ ಬಂದಾಗ ಇವ್ರು ಕುಂಚ ತೊಳದು ಇಟ್ಟುಬಿಟ್ರು. ಆಮ್ಯಾಲ ಬೋರ್ಡ್ ಬರದ್ರ ಹೊರ್ತು ಕರಡಿ ಬರೀಲಿಲ್ಲ.” ಮತ್ತೆ ಹಾಳೆ ನೋಡಿದರು. “ಅಂದ್ರ ಇದನ್ನ ನನಗ ಹೇಳೂ ಇಲ್ಲ. ನಾ ನಕ್ಕೂ ಇಲ್ಲ.”

ಡೈರೆಕ್ಟರ್ ಮೇಡಂ ಇದನ್ನು ಕೇಳಿ ಬಹಳ ಎಕ್ಸೈಟ್ ಆದರು. ಆ ಪುಟವನ್ನು ಆನ್‌ಲೈನಿನಲ್ಲಿ ಹಾಕಿ, ಕರಡಿ ಏನು ಹೇಳುತ್ತಿರಬಹುದು ಎಂದು ಜನರಿಗೆ ಕಾಂಪಿಟಿಷನ್ ಇಡೋಣ ಎಂದರು. ಹಾಲಮ್ಮನಿಗೆ ತಿಳಿಸಿದೆ, ತಿಳಿಸುವುದು ನನ್ನ ಡ್ಯೂಟಿ.

“ಊರ ಮಂದಿ ಎಲ್ಲಾ ಕೂಡಿ ಅವನ ಬಾಯಾಗ ಮಾತು ತುರುಕಾದು ಬ್ಯಾಡ್ರಿ,” ಎಂದರು. ಬಾಕ್ಸ್ ಮುಚ್ಚಿ ನನ್ನ ಕಡೆ ತಳ್ಳಿದರು. ಆ ಒಂದು ಹಾಳೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. “ಅವನ್ನೆಲ್ಲ ಒಯ್ರಿ. ಇಂವ ನನ್ನ ಹತ್ರ ಇರ್ಲಿ.”

“ಮೂಗನ್ನ ಕಳಿಸಂಗಿಲ್ಲ ಅಂತೀರೇನ್ರಿ?”

“ಇಂವ ಮೂಗ ಅಲ್ರಿ ಅಕ್ಕಾರ. ಇನ್ನಾ ಮಾತಾಡಿಲ್ಲ, ಅಷ್ಟ.”

ಫೋಟೋ ಆದರೂ ತೆಗೆದುಕೊಳ್ಳಲೇ ಎಂದರೆ ಅದೂ ಬೇಡ ಎಂದರು. ಚಹಾ ಮಾಡಲು ಆಕೆ ಒಳಗೆ ಹೋದಾಗ ಹಾಳೆ ನನ್ನ ಮುಂದೆಯೇ ಇತ್ತು, ಫೋನು ಕೈಯಲ್ಲೇ ಇತ್ತು. ನೀವು ಹೊಸಬರು ಇದೊಂದನ್ನು ನೆನಪಿಡಿ: ಈ ಕೆಲಸದಲ್ಲಿ ಸಂಗ್ರಹಿಸದೆ ಬಿಟ್ಟು ಬರುವುದೂ ಕೆಲಸವೇ. ನಾನು ನೋಡಿದೆ, ಬೇಕಾದಷ್ಟು ನೋಡಿದೆ. ಫೋನನ್ನು ಬ್ಯಾಗಿಗೆ ಹಾಕಿದೆ. ಮುಂದಿನ ಸಲ ಗೆದ್ದಲು ಹೋಗದಂಥ ಒಂದು ಬಾಕ್ಸ್ ತಂದುಕೊಟ್ಟೆ. ಆಫೀಸಿನಲ್ಲಿ ಖಾಲಿ ಫೋಲ್ಡರ್ ಮಾಡಿ, ಮಿಕ್ಕವುಗಳ ಕೊನೆಯಲ್ಲಿ ಇಟ್ಟೆ.

ರಿಟೈರ್ ಆಗುವ ಮುಂಚಿನ ದಿನಗಳಲ್ಲಿ ಹಗರಿಬೊಮ್ಮನಹಳ್ಳಿಗೆ ಹೋಗಿದ್ದೆ. ತಂಬ್ರಹಳ್ಳಿಯ ರೂಪಾ ಎಂಬ ಹುಡುಗಿ ಅಲ್ಲಿ ರೂಮ್ ಮಾಡಿಕೊಂಡು ಟ್ಯಾಬಿನಲ್ಲೇ ಕಾಮಿಕ್ಸ್ ಬರೆಯುತ್ತಾಳೆ, ಓದುವವರು ಫೋನಿನಲ್ಲೇ ಓದುತ್ತಾರೆ. ಒರಿಜಿನಲ್ ಕೊಡಮ್ಮಾ ಎಂದರೆ ನಕ್ಕಳು.

“ಯಾವುದು ಕೊಡ್ಲಿ ಮೇಡಂ? ಎಲ್ಲಾ ಒರಿಜಿನಲ್ಲೇ, ಎಲ್ಲಾ ಕಾಪೀನೇ.”

“ಅಳಿಸಿದ್ದು ಎಲ್ಲೈತಿ?”

“ಅನ್‌ಡೂ ಬಟನ್ ಒತ್ತಿದ್ರ ಮುಗೀತಲ್ರಿ. ನಿಮಗ ತಪ್ಪು ಬೇಕೇನ್ರಿ?”

“ಹೂಂ ಅವ್ವ, ತಪ್ಪೇ ಬೇಕು.” ಮಲ್ಲೇಶಪ್ಪನವರ ಕರಡಿಯ ಕಿವಿಯ ಮೇಲೆ ಗೆರೆ ತಿದ್ದಲು ಹಚ್ಚಿದ ಬಿಳಿ ಬಣ್ಣ ದಪ್ಪಗೆ ಕೂತಿರುತ್ತದೆ. ಬೆರಳಾಡಿಸಿದರೆ, ಇಲ್ಲಿ ಈ ಮನುಷ್ಯ ಅನುಮಾನಪಟ್ಟ ಎಂದು ತಿಳಿಯುತ್ತದೆ. ರೂಪಾ ಯೋಚಿಸಿ, ಮದುವೆ ಕಾರ್ಡುಗಳ ಬೆನ್ನ ಮೇಲೆ ಪೆನ್ಸಿಲಿನಲ್ಲಿ ಗೀಚಿದ್ದ ಕಚ್ಚಾ ಚಿತ್ರಗಳ ಕಟ್ಟು ತಂದುಕೊಟ್ಟಳು. ಅವೀಗ ಸಂಗ್ರಹಾಲಯದಲ್ಲಿವೆ. ಒಳ್ಳೆಯ ಹುಡುಗಿ. ಆದರೆ ನನಗೆ ಅವತ್ತು ಇಮಾಮ್ ಸಾಹೇಬರ ಕರಿಬಟ್ಟೆ ಬಹಳ ನೆನಪಾಯಿತು.

ನಿವೇದಿತಾ, ನಿನ್ನ ಫೋನ್ ಬಂದ ಮೇಲೆ ನಾನು ಹರಪನಹಳ್ಳಿಯಿಂದ ಬಸ್ಸು ಹತ್ತಿ ಇಟ್ಟಿಗಿಗೆ ಹೋಗಿ ಬಂದೆ. ಹಾಲಮ್ಮನ ಕಣ್ಣು ಈಗ ಮಂಜು, ಮಲ್ಲಿಗೆಯನ್ನು ಬೆರಳ ಅಂದಾಜಿನಲ್ಲಿ ಕಟ್ಟುತ್ತಾರೆ. ನನ್ನ ದನಿ ಕೇಳಿದ ಕೂಡಲೇ ಬಾಕ್ಸ್ ತರಿಸಿ, ಹಾಳೆಯನ್ನು ಎರಡೂ ಕೈಯಲ್ಲಿ ನನ್ನ ಮಡಿಲ ಮೇಲೆ ಇಟ್ಟರು. ಗೆದ್ದಲು ಇಲ್ಲ, ಕಲೆ ಇಲ್ಲ. ಕರಡಿ ಹಗ್ಗ ಹಿಡಿದು ಹಾಗೇ ನಿಂತಿದೆ.

“ನೋಡ್ರಿ ಅಕ್ಕಾರ, ನನಗ ಕಾಣಂಗಿಲ್ಲ. ಏನಾರ ಅಂದಾನೇನು?”

ನಾನು ಬಹಳ ಹೊತ್ತು ನೋಡಿದೆ. “ಇನ್ನಾ ಇಲ್ರಿ.”

“ಆತು ಬಿಡ್ರಿ,” ಎಂದರು ಹಾಲಮ್ಮ, ದಾರಕ್ಕೆ ಮತ್ತೊಂದು ಹೂ ಸೇರಿಸುತ್ತ. “ಅವನ ಸ್ಟಾಪ್ ಬಂದಿಲ್ಲ.”

ಆ ಎರರ್ ಬಂದರೆ ಬರಲಿ. ಫೋಲ್ಡರ್ ಇರಲಿ.